ಎರಡು ಗಂಟೆಯ ದನಿ

ಜಂಗಮಕೋಟೆಯಲ್ಲಿ ಹಾಡುಹಗಲು ಕಿಟಕಿಗೆ ಕಂಬಳಿ ಕಟ್ಟುವ ಮನೆ ಎಂದರೆ ಒಂದೋ ಅಲ್ಲಿ ರೇಷ್ಮೆ ಹುಳು ಸಾಕುತ್ತಿರಬೇಕು, ಇಲ್ಲವೇ ಹೇಳಬಾರದ್ದೇನೋ ನಡೆಯುತ್ತಿರಬೇಕು. ಹಾಲಿನ ಡೈರಿಯ ಸೆಕ್ರೆಟರಿ ಹರಿಕೃಷ್ಣ ಹುಳು ಸಾಕುತ್ತಿರಲಿಲ್ಲ. ಹಾಗಾಗಿ ಬೀದಿಯವರು ಎರಡನೆಯದನ್ನೇ ಗಟ್ಟಿ ಮಾಡಿಕೊಂಡರು.

ಒಳಗೆ ನಡೆಯುತ್ತಿದ್ದದ್ದು ಪಾಠ. ಅದಕ್ಕೆ ಕಾರಣ ಎರಡು ಸಾವಿರದ ಆರರ ಜೂನ್ ತಿಂಗಳಲ್ಲಿ ಹರಿಕೃಷ್ಣ ಆಡಿದ ಒಂದು ಮಾತು. ಮಗಳು ರೂಪಾಗೆ ಆಗ ಒಂಬತ್ತು ವರ್ಷ. ಶಾಲೆಯ ಪೋಷಕರ ಸಭೆಯಲ್ಲಿ ಮೇಡಂ, "ನಿಮ್ಮ ಮಗು ಪ್ರಶ್ನೆ ಜಾಸ್ತಿ ಕೇಳುತ್ತೆ. ಮೀನು ನಿದ್ದೆ ಮಾಡುವಾಗ ಕಣ್ಣು ಮುಚ್ಚುತ್ತಾ ಅಂತ ಗಣಿತದ ಪೀರಿಯಡ್‌ನಲ್ಲಿ ಕೇಳಿದರೆ ನಾನೇನು ಹೇಳಲಿ?" ಎಂದರು. ಮೀನಿನ ವಿಷಯ ಹರಿಕೃಷ್ಣನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳುವ ಅಭ್ಯಾಸ ಅವನ ವಂಶದಲ್ಲೇ ಇರಲಿಲ್ಲ. ಎದ್ದು ನಿಂತು, ಕ್ಷೌರದಂಗಡಿಯ ಪೇಪರಿನಲ್ಲಿ ಓದಿದ್ದನ್ನು ನೆನೆದು, "ಫಾರಿನ್‌ನಲ್ಲೆಲ್ಲ ಮನೇಲೇ ಸ್ಕೂಲು ಮೇಡಂ. ಇಂಗ್ಲಿಷ್ ಡಾಕ್ಯುಮೆಂಟರಿ ತೋರ್ಸಿ ನಾನೇ ಓದಿಸ್ತೀನಿ ನನ್ನ ಮಗಳನ್ನ!" ಎಂದುಬಿಟ್ಟ. ಮೂವತ್ತು ಜನ ಪೋಷಕರು ಕೇಳಿಸಿಕೊಂಡರು. ಆ ಮೂವತ್ತರಲ್ಲಿ ಇಪ್ಪತ್ತೆರಡು ಜನ ಡೈರಿಗೆ ಹಾಲು ಹಾಕುವವರು. ಮಾತು ವಾಪಸ್ಸು ತೆಗೆದುಕೊಳ್ಳುವುದು ಹೇಗೆ?

ಹೆಂಡತಿ ಪದ್ಮಶ್ರೀ ಮೇಷ್ಟ್ರ ಟ್ರೈನಿಂಗ್ ಮಾಡಿದವಳು. ಗಂಡನ ಮಾತು ಕೇಳಿ ಎದ್ದುಹೋಗಿ ರಟ್ಟಿನ ಮೇಲೆ ಟೈಂ ಟೇಬಲ್ ಬರೆದಳು. ಬೆಳಿಗ್ಗೆ ಲೆಕ್ಕ, ಕನ್ನಡ, ಗಿಡ ನೆಡುವುದು ಎಲ್ಲ ಅವಳ ಪಾಲು. ತೊಡಕಾದದ್ದು ಡಾಕ್ಯುಮೆಂಟರಿ. ಚಿಂತಾಮಣಿಯಲ್ಲಿ ಸಿ.ಡಿ. ಅಂಗಡಿ ಮುಚ್ಚುತ್ತಿದ್ದ ಪರಿಚಯದವರೊಬ್ಬರು "ಇವನ್ನ ಯಾರೂ ಮುಟ್ಟಲ್ಲಪ್ಪ, ತಗೊಂಡೋಗು" ಎಂದು ಒಂದು ಪೆಟ್ಟಿಗೆ ತುಂಬ ಇಂಗ್ಲಿಷ್ ಸಿ.ಡಿ.ಗಳನ್ನು ಕೊಟ್ಟಿದ್ದರು. ಅವನ್ನು ದಿನದ ಯಾವ ಹೊತ್ತಿಗೆ ತುರುಕುವುದು? ಬೆಳಿಗ್ಗೆ, ಸಂಜೆ ಹರಿಕೃಷ್ಣ ಡೈರಿಯಲ್ಲಿ. ತಿಂಡಿಯ ಹೊತ್ತಿಗೆ ಹಾಕಿ ನೋಡಿದರು. ಸಿಂಹ ಜಿಂಕೆಯ ಹೊಟ್ಟೆಗೆ ಬಾಯಿ ಹಾಕಿದ್ದೇ ತಡ, ರೂಪ ಉಪ್ಪಿಟ್ಟಿನ ತಟ್ಟೆ ದೂರ ತಳ್ಳಿದಳು. ಹನ್ನೊಂದಕ್ಕೆ ಇಟ್ಟರೆ ಕರೆಂಟಿಲ್ಲ. ಕೊನೆಗೆ ಉಳಿದದ್ದು ಮಧ್ಯಾಹ್ನ ಎರಡು. ಎರಡಕ್ಕೆ ಕರೆಂಟು ಬರುತ್ತಿತ್ತು. ಎರಡರಿಂದ ಮೂರು ನೋಡುವುದು, ಆಮೇಲೆ ಅರ್ಧ ಗಂಟೆ ಚಿತ್ರ ಬರೆಯುವುದು, ಪ್ರಶ್ನೆ ಕೇಳುವುದು. ಬಿಸಿಲಿಗೆ ಟಿ.ವಿ. ಮಸುಕಾಗುತ್ತದೆಂದು ಕಿಟಕಿಗೆ ಕರಿ ಕಂಬಳಿ ಬಂತು.

ಆ ಸಿ.ಡಿ.ಗಳಲ್ಲೆಲ್ಲ ಮಾತಾಡುವವನು ಒಬ್ಬನೇ. ಬಾವಿಯ ತಳದಿಂದ ಬಂದಂಥ ದಪ್ಪ ದನಿ. ಆನೆ ಬರುತ್ತಿತ್ತು, ಜ್ವಾಲಾಮುಖಿ ಬರುತ್ತಿತ್ತು, ಆ ದನಿಯ ಯಜಮಾನ ಮಾತ್ರ ಒಮ್ಮೆಯೂ ಮುಖ ತೋರಿಸುತ್ತಿರಲಿಲ್ಲ.

"ಈ ಮನುಷ್ಯ ಎಲ್ಲಿ ನಿಂತ್ಕೊಂಡು ಮಾತಾಡ್ತಾನ್ರೀ?" ಎಂದು ಪದ್ಮಶ್ರೀ ಒಮ್ಮೆ ಕೇಳಿದಳು.

"ಹಿಂದ್ಗಡೆ," ಎಂದ ಹರಿಕೃಷ್ಣ. ಹೇಳಿದ ಮೇಲೆ ಅವನೇ ಒಮ್ಮೆ ಟಿ.ವಿ.ಯ ಹಿಂದೆ ಬಗ್ಗಿ ನೋಡಿದ.

ಈಗ ಒಂದು ಸತ್ಯ ಹೇಳಲೇಬೇಕು. ಹರಿಕೃಷ್ಣನಿಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ಫ್ಯಾಟು, ಲ್ಯಾಕ್ಟೋಮೀಟರು, ರಿಜೆಕ್ಟು. ಈ ಮೂರು ಪದಗಳ ಬಂಡವಾಳದ ಮೇಲೆ ಅವನು ಕೋಲು ಹಿಡಿದು ಟಿ.ವಿ.ಯ ಪಕ್ಕದಲ್ಲಿ ನಿಂತು, ಇಡೀ ಜಗತ್ತನ್ನು ಮಗಳಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಬಟ್ಟೆ ಸುತ್ತಿದ ಸಾವಿರಾರು ವರ್ಷದ ಹೆಣಗಳು ಕಂಡಾಗ, "ಇದು ಬೆಂಕಿ ಅನಾಹುತದೋರಿಗೆ ಪಟ್ಟಿ ಕಟ್ಟೋ ಆಸ್ಪತ್ರೆ ಕಣಮ್ಮ. ಎಷ್ಟು ಕ್ಲೀನಾಗಿ ಇಟ್ಟವ್ರೆ ನೋಡು" ಎಂದ. ಅವನ ಮೆಚ್ಚಿನದು ತಿಮಿಂಗಿಲದ ಸಿ.ಡಿ. ಅದರಲ್ಲಿ ತಾಯಿ ತಿಮಿಂಗಿಲ ಮರಿಯನ್ನು ಮೂತಿಯಿಂದ ಮತ್ತೆ ಮತ್ತೆ ಮೇಲಕ್ಕೆತ್ತುತ್ತದೆ. ಅಲ್ಲಿಗೆ ಬಂದಾಗಲೆಲ್ಲ ಹರಿಕೃಷ್ಣ ಚಪ್ಪಾಳೆ ತಟ್ಟಿ, "ನೋಡು, ನೋಡು, ಹೆಂಗೆ ಕುಣಿಸ್ತೈತೆ ಮಗೂನ! ಮತ್ತೆ ಎತ್ತು, ಎತ್ತು!" ಎಂದು ಕೂಗುತ್ತಿದ್ದ. ರೂಪಾನೂ ನಗುತ್ತಿದ್ದಳು.

ಹೊರಗೆ ಬೀದಿಗೆ ಕೇಳುತ್ತಿದ್ದದ್ದು ಇಷ್ಟು: ಬಾಗಿಲು ಹಾಕಿದ ಮನೆ, ಅರ್ಥವಾಗದ ಭಾಷೆಯ ದಪ್ಪ ಗಂಡಸಿನ ದನಿ, ನಡುವೆ ಯಾವುದೋ ಪ್ರಾಣಿಯ ಗೋಳು, ಅದರ ಮೇಲೆ ಹರಿಕೃಷ್ಣ "ಎತ್ತು, ಎತ್ತು!" ಎಂದು ಕಿರುಚುವುದು.

ಹೇಗೋ ಎಂಟು ತಿಂಗಳು ಕಳೆಯಿತು. ಫೆಬ್ರವರಿಯಲ್ಲಿ ಹರಿಕೃಷ್ಣ ಟಿ.ವಿ.ಗೆ ಹೊಸ ಸ್ಪೀಕರ್ ತಂದ. ಜೊತೆಗೆ ನೆಲದ ಮೇಲಿಡುವ ದೊಡ್ಡ ಡಬ್ಬ; ಅದು ದನಿಯನ್ನು ಕಿವಿಗಲ್ಲ, ಎದೆಗೂಡಿಗೇ ಕೇಳಿಸುತ್ತಿತ್ತು. ಅವನ ನಡುಮನೆಗೂ ಪಕ್ಕದ ಆದಿಲಕ್ಷ್ಮಮ್ಮನ ಹುಳುಮನೆಗೂ ಇದ್ದದ್ದು ಒಂದೇ ಗೋಡೆ. ಆದಿಲಕ್ಷ್ಮಮ್ಮ ಒಂಟಿ ಹೆಂಗಸು, ಮೂವತ್ತು ವರ್ಷದಿಂದ ಹುಳು ಸಾಕಿದವಳು, ಸುಮ್ಮಸುಮ್ಮನೆ ಹೆದರುವವಳಲ್ಲ. ಸ್ಪೀಕರ್ ಬಂದ ಮೂರನೇ ದಿನ ಎರಡು ಗಂಟೆಗೆ ಸರಿಯಾಗಿ ಅವಳು ಬಂದು ಹರಿಕೃಷ್ಣನ ಕೈ ಹಿಡಿದಳು.

"ಬಾರಪ್ಪ ನಮ್ಮನೆಗೆ. ಕಾಲು ತೊಳ್ಕೊಂಡು ಬಾ. ಮಾತಾಡ್ಬೇಡ."

ಹುಳುಮನೆಯೊಳಗೆ ನಸುಗತ್ತಲು. ತಟ್ಟೆ ತಟ್ಟೆಗಳ ಮೇಲೆ ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದ ಹುಳುಗಳು, ಹಸಿದು ಕಂಗೆಟ್ಟು ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದವು. ಸಾವಿರಾರು ಬಾಯಿಗಳ ಸದ್ದು, ತೆಂಗಿನ ಗರಿಯ ಮೇಲೆ ಮಳೆ ಬಿದ್ದ ಹಾಗೆ. ಆಗ ಗೋಡೆಯಾಚೆ ಪದ್ಮಶ್ರೀ ಸಿ.ಡಿ. ಹಾಕಿದಳು. ಮೊದಲು ದಪ್ಪ ದನಿ ಬಂತು. ಅದರ ಹಿಂದೆಯೇ ತಿಮಿಂಗಿಲದ ಗೋಳು, ಉದ್ದಕ್ಕೆ.

ಮಳೆ ನಿಂತಿತು.

ಒಂದು ಹುಳುವೂ ತಿನ್ನುತ್ತಿರಲಿಲ್ಲ. ಅಷ್ಟೂ ತಟ್ಟೆಗಳಲ್ಲಿ ಅಷ್ಟೂ ಹುಳುಗಳು ಬಿಳಿ ತಲೆ ಮೇಲೆತ್ತಿ, ಅಲುಗದೆ ನಿಂತಿದ್ದವು.

"ನೋಡು," ಎಂದಳು ಆದಿಲಕ್ಷ್ಮಮ್ಮ ಪಿಸುದನಿಯಲ್ಲಿ. "ಕೇಳುಸ್ಕೊತಾವೆ."

"ಅವಕ್ಕೂ ಇಂಗ್ಲಿಷ್ ಇಷ್ಟ ಇರ್ಬೇಕು ಬಿಡಕ್ಕ," ಎಂದು ಹರಿಕೃಷ್ಣ ಹಲ್ಲು ಬಿಟ್ಟ. ಆದರೆ ಅವನ ಮುಂಗೈ ಕೂದಲೂ ಆ ಹುಳುಗಳ ಹಾಗೆಯೇ ಎದ್ದು ನಿಂತಿತ್ತು.

"ಹಲ್ಲು ಬಿಡ್ಬೇಡ. ಹಿಂಗೆ ಉಪವಾಸ ಬಿದ್ರೆ ಗೂಡು ಕಟ್ತಾವಾ? ನನ್ನ ಬೆಳೆ ಹೋಗ್ತದೆ ಕಣಪ್ಪ."

ಅವನು ಅಂದೇ ಡಬ್ಬದ ವೈರು ಕಿತ್ತು ಅಟ್ಟದ ಮೇಲಿಟ್ಟ. ನೆರೆಯವರ ಬೆಳೆ ಕೆಡಿಸುವಷ್ಟು ಕೆಟ್ಟವನಲ್ಲ ಅವನು. ಮರುದಿನ ಕರೆಂಟೇ ಬರಲಿಲ್ಲ. ಹರಿಕೃಷ್ಣ ಊಟ ಮುಗಿಸಿ ಅಂಗಡಿಗೆ ಹೋಗಿ ಬಂದ. ಬಾಗಿಲಲ್ಲಿ ಆದಿಲಕ್ಷ್ಮಮ್ಮ ನಿಂತಿದ್ದಳು.

"ಇವತ್ತೂ ತಲೆ ಎತ್ತಿದ್ವು."

"ಇವತ್ತು ಕರೆಂಟೇ ಇರ್ಲಿಲ್ವಲ್ಲಕ್ಕ! ಟಿ.ವಿ. ಹಾಕೇ ಇಲ್ಲ."

"ಅದು ನಂಗೂ ಗೊತ್ತು. ದನಿ ಬಂತು. ಸಣ್ಣಗೆ ಬಂತು, ಆದ್ರೆ ಅದೇ ಭಾಷೆ. ಕರೆಂಟಿಲ್ದೆ ಮಾತಾಡಿದ್ದು ಯಾರಪ್ಪ?"

ಈ ಪ್ರಶ್ನೆಗೆ ಸಂಜೆಯಾಗುವುದರೊಳಗೆ ಊರಿನ ಬಳಿ ಉತ್ತರವಿತ್ತು. ಮಾರನೇ ಬೆಳಿಗ್ಗೆ ಡೈರಿಗೆ ಬಂದ ಹಾಲಿನ ಕ್ಯಾನುಗಳಲ್ಲಿ ಮೊದಲಿನದರ ಕಂಠಕ್ಕೆ ಒಂದು ಇದ್ದಿಲ ಚೂರು, ಒಂದು ಒಣಮೆಣಸಿನಕಾಯಿ ಕಟ್ಟಿತ್ತು. ಎರಡನೆಯದಕ್ಕೂ ಕಟ್ಟಿತ್ತು. ಹರಿಕೃಷ್ಣ ಒಂದೊಂದಾಗಿ ನೋಡುತ್ತ ಬಂದ. ಅರವತ್ತೂ ಕ್ಯಾನುಗಳಿಗೆ ಕಟ್ಟಿತ್ತು. ಯಾರೂ ಅವನ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಹಾಲು ಅಳೆಯುವಾಗ ಅವನ ನೆರಳು ಬೀಳದಂತೆ ಪಕ್ಕಕ್ಕೆ ಸರಿಯುತ್ತಿದ್ದರು. "ಮೆಣಸಿನಕಾಯಿ ಬಿದ್ರೆ ಫ್ಯಾಟ್ ಕಡಿಮೆ ಬರುತ್ತೆ, ನನ್ನನ್ನ ಕೇಳ್ಬೇಡಿ ಆಮೇಲೆ!" ಎಂದು ಕೂಗಿದ.

ಸುದ್ದಿ ವಿದುರಾಶ್ವತ್ಥದವರೆಗೂ ಹೋಯಿತು. ಅಲ್ಲಿಂದ ಅವನ ದೊಡ್ಡಮ್ಮ ಅಕ್ಕಯ್ಯಮ್ಮ ನಾಗರಕಲ್ಲಿನ ಮುಂದೆ ಪೂಜೆ ಮಾಡಿಸಿದ ದಾರ ಹಿಡಿದು ಮೊದಲನೇ ಬಸ್ಸಿಗೇ ಬಂದಿಳಿದಳು. ರೂಪಾಳನ್ನು ಮುಂದೆ ಕೂರಿಸಿಕೊಂಡು, ದಾರ ಕಟ್ಟಿ, ಧೈರ್ಯಕ್ಕೆಂದು ನಶ್ಯದ ಡಬ್ಬಿ ತೆರೆದಳು. ಒಂದು ಚಿಟಿಕೆ ಮೂಗಿನವರೆಗೆ ಹೋಗಿತ್ತು.

"ಅಜ್ಜಿ, ಸತ್ತೋರ ಮೆದುಳನ್ನ ಮೂಗಿನಿಂದ ಕೊಕ್ಕೆ ಹಾಕಿ ಎಳೀತಾರೆ, ಗೊತ್ತಾ?" ಎಂದಳು ರೂಪ ಮುದ್ದಾಗಿ. "ಆಮೇಲೆ ಬಟ್ಟೆ ಸುತ್ತಿ ಇಡ್ತಾರೆ. ಕೊಳೆಯಲ್ಲ."

ಅಕ್ಕಯ್ಯಮ್ಮ "ಅಯ್ಯೋ ದೇವುಡಾ" ಎಂದವಳೇ ನಶ್ಯವನ್ನೆಲ್ಲ ಒಂದೇ ಉಸಿರಿಗೆ ಎಳೆದುಕೊಂಡುಬಿಟ್ಟಳು. ಹದಿನಾಲ್ಕು ಸೀನು ಬಂದವು. ಹದಿನೈದನೆಯದನ್ನು ಬಸ್ ಸ್ಟ್ಯಾಂಡಿನಲ್ಲಿ ಸೀನಿದಳಂತೆ.

ಪದ್ಮಶ್ರೀ ಅಕ್ಕಯ್ಯಮ್ಮನ ಹಿಂದೆ ಓಡಿದರೂ ಹರಿಕೃಷ್ಣ ಕೂತಲ್ಲೇ ಕೂತಿದ್ದ. ಪಟ್ಟಿ ಕಟ್ಟುವ ಆಸ್ಪತ್ರೆ ಎಂದು ಹೇಳಿದ್ದು ತಾನು. ಮೂಗು, ಕೊಕ್ಕೆ, ಮೆದುಳು, ಇದ್ಯಾವುದನ್ನೂ ತಾನು ಹೇಳಿಲ್ಲ. ಹಾಗಾದರೆ ಮಗುವಿಗೆ ಹೇಳಿದವರು ಯಾರು?

"ಯಾರಮ್ಮ ಹೇಳಿದ್ದು ನಿಂಗೆ?" ಎಂದು ಕೇಳಿದ.

ರೂಪ ಸ್ವಲ್ಪ ಹೊತ್ತು ಅಪ್ಪನ ಮುಖ ನೋಡಿ, ಟಿ.ವಿ.ಯ ಕಡೆ ಬೆರಳು ತೋರಿಸಿದಳು. ಟಿ.ವಿ. ಆರಿತ್ತು. ಅದರ ಕಪ್ಪು ಗಾಜಿನಲ್ಲಿ ಅವನ ಮುಖವೇ ಕಾಣಿಸಿತು, ಗುರುತು ಸಿಗದಷ್ಟು ಸಣ್ಣದಾಗಿ.

ಅದಾದ ಎರಡು ದಿನಕ್ಕೆ ಅವನ ಕಿವಿಗೇ ಬಿತ್ತು. ಪದ್ಮಶ್ರೀ ಶಿಡ್ಲಘಟ್ಟಕ್ಕೆ ಹೋಗಿದ್ದಳು. ಕರೆಂಟಿರಲಿಲ್ಲ. ಊಟವಾಗಿ ಚಾಪೆಯ ಮೇಲೆ ಅಡ್ಡಾದವನಿಗೆ ಹಿತ್ತಲ ಕಡೆಯಿಂದ ದನಿ ಕೇಳಿಸಿತು. ಅದೇ ಇಂಗ್ಲಿಷು, ಅದೇ ಏರಿಳಿತ, ಅದೇ ಕಡೆ ನಿಲ್ಲಿಸುವುದು. ಹರಿಕೃಷ್ಣ ಎದ್ದು ಗೋಡೆ ಹಿಡಿದುಕೊಂಡು ಹೋದ. ಒಗೆಯುವ ಕಲ್ಲಿನ ಮೇಲೆ ರೂಪ ಬೆನ್ನು ಮಾಡಿ ಕೂತಿದ್ದಳು. ಹಿತ್ತಲಲ್ಲಿ ಬೇರೆ ಯಾರೂ ಇಲ್ಲ. ಅವನ ಹೆಜ್ಜೆ ಸದ್ದಾದೊಡನೆ ದನಿ ನಿಂತಿತು.

"ಯಾರಮ್ಮ ಮಾತಾಡಿದ್ದು?"

"ಯಾರಿಲ್ಲಪ್ಪ," ಎಂದಳು ರೂಪ ತಿರುಗದೆ.

ಆ ಸಂಜೆ ಡೈರಿಗೆ ಹೋಗುವಾಗ ಹರಿಕೃಷ್ಣನ ಜೇಬಿನಲ್ಲಿಯೂ ಒಂದು ಇದ್ದಿಲ ಚೂರಿತ್ತು.

ಸೋಮವಾರ ಮಧ್ಯಾಹ್ನ ಶಿಡ್ಲಘಟ್ಟದಿಂದ ರಾಮಾಂಜಿನಪ್ಪ ಎಂಬ ಶಿಕ್ಷಣ ಇಲಾಖೆಯವರು ಬಂದರು. ಶಾಲೆ ಬಿಟ್ಟ ಮಕ್ಕಳನ್ನು ಪಟ್ಟಿ ಮಾಡುವ ಕೆಲಸ ಅವರದು. ಕಂಕುಳಲ್ಲಿ ಉದ್ದನೆಯ ರಿಜಿಸ್ಟರು. ಅವರ ಹಿಂದೆ ಹತ್ತು ಹೆಜ್ಜೆ ಬಿಟ್ಟು ಇಡೀ ಬೀದಿ ಬಂದು ಗೇಟಿನಾಚೆ ನಿಂತಿತು. ಎಲ್ಲರ ಮುಂದೆ ಆದಿಲಕ್ಷ್ಮಮ್ಮ.

"ಮಗು ಶಾಲೆ ಬಿಟ್ಟಿರೋ ಕಾರಣ ಏನ್ರೀ?" ರಾಮಾಂಜಿನಪ್ಪ ಪೆನ್ನಿನ ಟೋಪಿ ತೆಗೆದರು. "ಬಡತನ, ಕೂಲಿ, ಗುಳೆ, ಕಾಯಿಲೆ, ತಮ್ಮ ತಂಗಿ ನೋಡ್ಕೊಳ್ಳೋದು. ಇದರಲ್ಲಿ ಒಂದು ಹೇಳಿ."

"ಯಾವ್ದೂ ಅಲ್ಲ ಸಾರ್. ಫಾರಿನ್ ಸಿಸ್ಟಮ್ಮು."

"ಆ ಕಾಲಂ ಇಲ್ಲ."

"ಕಾಯಿಲೆ ಅಂತ ಬರ್ಕೊಳ್ಳಿ ಸಾಮಿ!" ಎಂದು ಗೇಟಿನಾಚೆಯಿಂದ ಯಾರೋ ಕೂಗಿದರು.

ರಾಮಾಂಜಿನಪ್ಪ ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿ, "ಪಾಠ ಹೆಂಗೆ ಮಾಡ್ತೀರೋ ನೋಡ್ತೀನಿ. ಸರಿ ಇಲ್ಲಾಂದ್ರೆ ಮಗೂನ ನಾಳೆನೇ ಶಾಲೆಗೆ ಸೇರಿಸ್ಬೇಕು, ನೀವು ಆಫೀಸಿಗೆ ಬಂದು ಬರ್ಕೊಡ್ಬೇಕು" ಎಂದರು.

ಗಂಟೆ ಎರಡಾಗಿತ್ತು. ಕಂಬಳಿ ಇಳಿಯಿತು. ಹರಿಕೃಷ್ಣ ಜೇನುಹುಳದ ಸಿ.ಡಿ.ಗೆ ಕೈ ಹಾಕಿದ; ಅದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಆದರೆ ರಾಮಾಂಜಿನಪ್ಪ ತಾವೇ ಪೆಟ್ಟಿಗೆಗೆ ಕೈ ಹಾಕಿ ಒಂದನ್ನು ಎಳೆದುಕೊಟ್ಟರು. ತಿಮಿಂಗಿಲ.

ದಪ್ಪ ದನಿ ಶುರುವಾಯಿತು. ಹರಿಕೃಷ್ಣ ಕೋಲು ಹಿಡಿದು ನಿಂತ. ಹೆದರಿಕೆಗೆ ಅವನ ಕನ್ನಡ ಎಂದಿಗಿಂತ ಜೋರಾಗಿತ್ತು. "ಇದು ಸಮುದ್ರ ಸಾರ್! ಅಲ್ಲಿ ತಾಯಿ! ಇದು ಮಗು! ನೋಡಿ ಸಾರ್, ಹೆಂಗೆ ಕುಣಿಸ್ತೈತೆ, ಎತ್ತು, ಎತ್ತು!" ಚಪ್ಪಾಳೆಯನ್ನೂ ತಟ್ಟಿದ.

ರಾಮಾಂಜಿನಪ್ಪ ಮೊದಲು ಪರದೆ ನೋಡಿದರು. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ ಹರಿಕೃಷ್ಣನನ್ನು ನೋಡಿದರು. ಅವರ ಮುಖದಲ್ಲಿ ಏನೋ ಇತ್ತು, ಸಿಟ್ಟಲ್ಲ.

ಆಗ ಕರೆಂಟು ಹೋಯಿತು.

ಟಿ.ವಿ. ಟಕ್ಕೆಂದು ಆರಿತು. ಕಂಬಳಿಯ ಹಿಂದಿನ ಆ ಕೋಣೆಯಲ್ಲಿ ಕಣ್ಣಿಗೆ ಕೈ ಕಾಣದು. ಫ್ಯಾನು ಸುತ್ತುವುದು ನಿಂತಿತು. ಹರಿಕೃಷ್ಣ ಉಸಿರು ಬಿಡಬೇಕೆಂದುಕೊಂಡ.

ದನಿ ಮುಂದುವರಿಯಿತು.

ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ಒಂದು ಮಾತೂ ತಪ್ಪದೆ, ಕತ್ತಲೊಳಗಿಂದ. ಅದೇ ನಿಧಾನ, ಅದೇ ಆಳ, ನಡುವೆ ಅದೇ ಉದ್ದನೆಯ ಗೋಳು. ಗೇಟಿನಾಚೆ ಒಬ್ಬಳು ಕಿರುಚಿದಳು. ಚೊಂಬೊಂದು ಬಿದ್ದು ಉರುಳುತ್ತ ಹೋಯಿತು, ಅದರ ಹಿಂದೆ ಓಡುವ ಕಾಲುಗಳ ಸದ್ದು. ರಾಮಾಂಜಿನಪ್ಪನವರ ಪೆನ್ನು ಕೈಯಿಂದ ಜಾರಿತು. ಹರಿಕೃಷ್ಣ ಇಲಾಖೆಯವರ ತೋಳನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದ, ಅವರೂ ಬಿಡಿಸಿಕೊಳ್ಳಲಿಲ್ಲ.

ಪದ್ಮಶ್ರೀ ಎದ್ದುಹೋಗಿ ಕಂಬಳಿ ಎಳೆದು ಕೆಳಗೆ ಹಾಕಿದಳು.

ಬಿಸಿಲು ನುಗ್ಗಿತು. ಕೋಣೆಯ ನಡುವೆ ರೂಪ ಕೈಕಟ್ಟಿ, ಕಣ್ಣು ಮುಚ್ಚಿ, ಗದ್ದವನ್ನು ಎದೆಗೆ ಒತ್ತಿ ನಿಂತಿದ್ದಳು. ದನಿ ಅವಳ ಬಾಯಿಂದ ಬರುತ್ತಿತ್ತು. ಬೆಳಕು ತಾಗಿ ಕಣ್ಣು ಬಿಟ್ಟಳು, ಎಲ್ಲರನ್ನೂ ನೋಡಿ ನಿಲ್ಲಿಸಿದಳು.

"ಇನ್ನೂ ಸ್ವಲ್ಪ ಬಾಕಿ ಇತ್ತು ಸಾರ್," ಎಂದಳು ತನ್ನ ದನಿಯಲ್ಲಿ. "ಕರೆಂಟ್ ಹೋಯ್ತಲ್ಲ, ಅದಕ್ಕೆ ನಾನೇ ಹೇಳಿದೆ."

ರಾಮಾಂಜಿನಪ್ಪ ಹರಿಕೃಷ್ಣನ ಹಿಡಿತದಿಂದ ತೋಳು ಬಿಡಿಸಿಕೊಂಡರು. "ಬಾಯಿಪಾಠನಾ ಮಗೂ? ಅರ್ಥ ಗೊತ್ತಾ?"

ರೂಪ ಅಪ್ಪನ ಕಡೆ ತಿರುಗಿದಳು. "ಹೇಳ್ಲಾ ಅಪ್ಪ?"

ಹರಿಕೃಷ್ಣ ತಲೆಯಾಡಿಸಿದ. ಯಾವ ಕಡೆಗೆ ಆಡಿಸಿದನೋ ಅವನಿಗೇ ತಿಳಿಯಲಿಲ್ಲ.

"ಮರಿ ಸತ್ತೋಗಿದೆ ಸಾರ್. ತಾಯಿಗೆ ಅದು ಗೊತ್ತು. ಆದ್ರೂ ಮುಳುಗೋಕೆ ಬಿಡಲ್ಲ. ಮುಳುಗಿದಾಗೆಲ್ಲ ಕೆಳಗೆ ಹೋಗಿ ಮೂತೀಲಿ ಎತ್ತುತ್ತೆ. ಊಟ ಬಿಟ್ಟು ದಿನಗಟ್ಟಲೆ ಹಂಗೇ ಹೊತ್ಕೊಂಡು ಹೋಗುತ್ತೆ. ಆ ಸದ್ದು ಇದೆಯಲ್ಲ, ಅದು ಯಾಕೆ ಮಾಡುತ್ತೆ ಅಂತ ಯಾರಿಗೂ ಗೊತ್ತಿಲ್ವಂತೆ."

ಎಂಟು ತಿಂಗಳಲ್ಲಿ ಆ ಜಾಗಕ್ಕೆ ಎಷ್ಟು ಸಲ ಚಪ್ಪಾಳೆ ತಟ್ಟಿದ್ದೆನೆಂದು ಹರಿಕೃಷ್ಣ ನೆನೆಯಲು ಹೋದ. ಆಗಲಿಲ್ಲ. ಅವನ ಕೈಗಳು ಎಲ್ಲಿ ಅಡಗಬೇಕೆಂದು ತಿಳಿಯದೆ ಕೋಲನ್ನು ಮೇಲಿಂದ ಕೆಳಗೆ ಸವರುತ್ತಿದ್ದವು.

"ಹೆಂಗೆ ಗೊತ್ತಾಯ್ತಮ್ಮ ನಿಂಗೆ?" ಎಂದು ಕೇಳಿದ.

"ಅಮ್ಮನ ಟ್ರೈನಿಂಗ್ ಟೈಮಿನ ಡಿಕ್ಷನರಿ ಇತ್ತಲ್ಲ. ಒಂದೊಂದೇ ಪದ ನೋಡ್ಕೊಂಡೆ. ಹಿತ್ತಿಲಲ್ಲಿ ಹೇಳ್ಕೊಂತಿದ್ದೆ."

ಹರಿಕೃಷ್ಣ ಹೆಂಡತಿಯ ಕಡೆ ನೋಡಿದ. ಪದ್ಮಶ್ರೀ ಕಂಬಳಿ ಮಡಿಸುವುದರಲ್ಲಿ ಮುಳುಗಿದ್ದಳು.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ರೂಪ ಕಾಲಬೆರಳಿಂದ ನೆಲ ಗೀರಿದಳು. "ನೀನು ಹೇಳೋವಾಗ ಮರಿ ಬದುಕಿರ್ತಿತ್ತಪ್ಪ."

ರಾಮಾಂಜಿನಪ್ಪ ಕೆಳಗೆ ಬಗ್ಗಿ ಪೆನ್ನು ಹುಡುಕಿಕೊಂಡರು. ಹುಡುಕಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಬಗ್ಗಿದ್ದರು. ಆಮೇಲೆ ರಿಜಿಸ್ಟರಿನಲ್ಲಿ ಕಾರಣದ ಕಾಲಂಗೆ ಒಂದು ಗೀಟು ಎಳೆದರು. "ಮಾರ್ಚಿನಲ್ಲಿ ಸರ್ಕಾರಿ ಶಾಲೇಲಿ ನಾಲ್ಕನೇ ಕ್ಲಾಸಿನ ಪರೀಕ್ಷೆ ಬರೀಲಿ. ಜೂನಿನಲ್ಲಿ ಐದಕ್ಕೆ ಸೇರಿಸಿ. ಪ್ರಶ್ನೆ ಕೇಳೋ ಮಗು ಅಂತ ನಾನೇ ಹೆಡ್‌ಮಾಸ್ಟರಿಗೆ ಹೇಳ್ತೀನಿ." ಚಪ್ಪಲಿ ಮೆಟ್ಟಿಕೊಳ್ಳುತ್ತ ಹರಿಕೃಷ್ಣನ ಭುಜ ಮುಟ್ಟಿದರು. "ಎರಡು ಗಂಟೆ ಪಾಠ ಬಿಡಬೇಡಿ. ಆದ್ರೆ ಆ ಕೋಲು ಮಗಳ ಕೈಗೆ ಕೊಟ್ಟು ನೀವು ಚಾಪೆ ಮೇಲೆ ಕೂತ್ಕೊಳ್ಳಿ."

ಬೀದಿಗೆ ಇದಾವುದೂ ತಿಳಿಯಲಿಲ್ಲ. ಅರ್ಥ ಹೇಳುವ ಹೊತ್ತಿಗೆ ಬೀದಿ ಬಸ್ ಸ್ಟ್ಯಾಂಡ್ ಮುಟ್ಟಿತ್ತು. ಅದು ಕಂಡದ್ದು ಇಷ್ಟೇ: ಇಲಾಖೆಯವರು ಒದ್ದೆ ಕಣ್ಣು ಒರೆಸಿಕೊಳ್ಳುತ್ತ ಅಲ್ಲಿಗೆ ಬಂದರು, ಯಾರ ಹತ್ತಿರವೂ ಮಾತಾಡದೆ ಬಸ್ಸು ಹತ್ತಿದರು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಇನ್ನೊಂದು ವಿಚಿತ್ರವೆಂದರೆ ಆದಿಲಕ್ಷ್ಮಮ್ಮನ ಬೆಳೆ ಕೆಡಲಿಲ್ಲ. ಹುಳುಗಳು ಆ ವಾರವೇ ಹಣ್ಣಾಗಿ, ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಏರಿ, ಮೂವತ್ತು ವರ್ಷದಲ್ಲಿ ಅವಳು ಕಾಣದಂಥ ಗಟ್ಟಿ ಗೂಡು ಕಟ್ಟಿದವು. ಇದರಿಂದ ಬೀದಿ ಪೇಚಿಗೆ ಬಿತ್ತು. ಆ ದನಿಯನ್ನು ಓಡಿಸಬೇಕೋ, ಪೂಜೆ ಮಾಡಬೇಕೋ? ಇರಲಿ ಎಂದು ಹರಿಕೃಷ್ಣನ ಗೇಟಿನ ಕಂಬದ ಮೇಲೆ ದಿನಾ ಬೆಳಿಗ್ಗೆ ಯಾರೋ ಒಂದು ನಿಂಬೆಹಣ್ಣು ಇಟ್ಟುಹೋಗತೊಡಗಿದರು. ಪದ್ಮಶ್ರೀ ಅದರಲ್ಲಿ ಉಪ್ಪಿನಕಾಯಿ ಹಾಕಿದಳು.

ಮಾರ್ಚ್ ಮೊದಲ ವಾರ ಆದಿಲಕ್ಷ್ಮಮ್ಮ ಹೊಸ ಹುಳು ತಂದಳು. ಎರಡು ಗಂಟೆಗೆ ಕೆಲಸ ಬಿಟ್ಟು ಗೋಡೆಗೆ ಕಿವಿ ಕೊಟ್ಟಳು. ಬೀದಿಯ ನಾಲ್ಕು ಹೆಂಗಸರು ಅವಳ ಬೆನ್ನ ಹಿಂದೆ ಉಸಿರು ಹಿಡಿದು ನಿಂತರು. ಆಚೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಹರಿಕೃಷ್ಣನಿಗೆ ಇದು ಗೊತ್ತಿರಲಿಲ್ಲ. ಅವನ ಮುಂದೆ ಮಗಳು ಕೋಲು ಹಿಡಿದು ನಿಂತಿದ್ದಳು. ಮೊದಲು ಟಿ.ವಿ.ಯ ದಪ್ಪ ದನಿ ಒಂದು ವಾಕ್ಯ ಹೇಳಿತು. ಅದನ್ನೇ ಮಗಳು ಹೇಳಿದಳು. ಆಮೇಲೆ ಹರಿಕೃಷ್ಣ ಕಣ್ಣು ಮುಚ್ಚಿ, ಬೆವರಿ, ತುಂಡು ತುಂಡಾಗಿ, "ಡೀಪ್... ಡೀಪ್ ಇನ್ ದಿ... ಓಶನ್..." ಎಂದ.

ಗೋಡೆಯಾಚೆ ಆದಿಲಕ್ಷ್ಮಮ್ಮ ಕಿವಿ ತೆಗೆದು ಹೆಂಗಸರ ಕಡೆ ತಿರುಗಿದಳು.

"ಮುಗೀತು ಕಣ್ರಮ್ಮ," ಎಂದಳು. "ಅಪ್ಪನಿಗೂ ಬಂತು."